ಹಿಂಗಲ್ಲಿಯ ಚರಿತ್ರೆ

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಹಳೆಯ ನಕ್ಷೆ ತೆಗೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಮುಂದೆ ಅಗಲವಾದ ಬೀದಿ, ಬೀದಿಗೆ ಹೆಸರು ಅಥವಾ ನಂಬರು, ಎರಡೂ ಕಡೆ ಮರ. ಹಿಂದೆ, ಎರಡು ಬೆನ್ನುಗಳ ನಡುವೆ, ಒಂದು ಕಿರಿದಾದ ಗಲ್ಲಿ. ಅದಕ್ಕೆ ಹೆಸರಿಲ್ಲ, ನಂಬರಿಲ್ಲ, ಮರವಿಲ್ಲ. ಸರ್ಕಾರಿ ಕಾಗದದಲ್ಲಿ ಮಾತ್ರ ಅದನ್ನು ಕನ್ಸರ್ವೆನ್ಸಿ ಲೇನ್ ಅಂತ ಕರೆದಿದ್ದಾರೆ. ಕನ್ಸರ್ವೆನ್ಸಿ ಅಂದರೆ ಏನು ಸ್ವಾಮಿ? ನಿಘಂಟು ಸಂರಕ್ಷಣೆ ಅನ್ನುತ್ತದೆ. ನಗರಸಭೆಯ ಭಾಷೆಯಲ್ಲಿ ಹೇಲು ಬಳಿಯುವುದು.

ನಗರಗಳ ಬೀದಿಗಳನ್ನು ಹೊಸದಾಗಿ ಕಟ್ಟುವ ಮಾತು ಈಗ ಎಲ್ಲೆಲ್ಲೂ ಕೇಳಿಸುತ್ತಿದೆ. ಫುಟ್‌ಪಾತ್ ಅಗಲ ಮಾಡಬೇಕು, ಗ್ರಾನೈಟ್ ಹಾಸಬೇಕು, ನಡೆಯುವವರಿಗೆ ನಗರವನ್ನು ಬಿಟ್ಟುಕೊಡಬೇಕು ಎಂಬ ಮಾತು. ಒಳ್ಳೆಯ ಮಾತೇ. ಈ ದೇಶದಲ್ಲಿ ನಮ್ಮ ಜನರಷ್ಟು ನಡೆದವರು ಯಾರಿದ್ದಾರೆ? ಆದರೆ ಬೀದಿಯನ್ನು ಹೊಸದಾಗಿ ಗೆರೆ ಹಾಕಿ ಕಟ್ಟುವುದು ಇವತ್ತಿನ ಕೆಲಸವಲ್ಲ. ಹಿಂದೆಯೂ ಕಟ್ಟಿದ್ದಾರೆ, ಕೆಡವಿದ್ದಾರೆ. ಆಗೆಲ್ಲ ಗೆರೆ ಎಳೆದವನು ಯಾರು, ಆ ಗೆರೆಯ ಆಚೆಗೆ ಬಿದ್ದವರು ಯಾರು ಎಂದು ಕೇಳದೆ ಇವತ್ತಿನ ಗ್ರಾನೈಟಿನ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಅದಕ್ಕೇ ನಾವು ಮುಂಬೀದಿ ಬಿಟ್ಟು ಹಿಂಗಲ್ಲಿಯಿಂದ ಶುರು ಮಾಡುತ್ತಿದ್ದೇವೆ.

ಊರಲ್ಲಿ ಬೀದಿ ಅಂದರೆ ಏನು ಅನ್ನುವುದು ಈ ಪತ್ರಿಕೆ ಓದುವವರಿಗೆ ವಿವರಿಸಬೇಕಾಗಿಲ್ಲ. ಊರಿಗೆ ಬೀದಿ ಇರುತ್ತೆ, ನಮಗೆ ಕೇರಿ ಇರುತ್ತೆ. ಊರ ಬೀದಿಯಲ್ಲಿ ಮೆಟ್ಟು ಕಳಚಿ ಕೈಲಿ ಹಿಡಿದು ನಡೆದ ಮುದುಕರು ಇನ್ನೂ ನಮ್ಮ ಮನೆಗಳಲ್ಲಿ ಬದುಕಿದ್ದಾರೆ. ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಇಳಿಯುವ ಜಾಗ ಯಾವುದು, ಸೈಕಲ್ ಇಳಿದು ತಳ್ಳಬೇಕಾದ ಜಾಗ ಯಾವುದು ಎನ್ನುವುದನ್ನು ಯಾವ ಎಂಜಿನಿಯರೂ ನಕ್ಷೆಯಲ್ಲಿ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಜಾತಿ ಪುಸ್ತಕದಲ್ಲಿದೆ ಅಂತ ಪಂಡಿತರು ಚರ್ಚೆ ಮಾಡುತ್ತಾರೆ. ನಮಗೆ ಅದು ಮೊದಲು ಸಿಕ್ಕಿದ್ದು ಕಾಲ ಕೆಳಗೆ, ದಾರಿಯಲ್ಲಿ.

ಕೇರಳದ ಕಡೆ ಇದು ಇನ್ನೂ ಕ್ರೂರವಾಗಿ, ಅಳತೆಗೋಲು ಹಿಡಿದಂತೆ ಇತ್ತು. ಯಾವ ಜಾತಿಯವನು ಯಾವ ಜಾತಿಯವನಿಂದ ಎಷ್ಟು ಅಡಿ ದೂರ ಇರಬೇಕು ಅನ್ನುವ ಲೆಕ್ಕವೇ ಇತ್ತು. 1893ರಲ್ಲಿ ತಿರುವಾಂಕೂರಿನ ವೆಂಗಾನೂರಿನಲ್ಲಿ ಪುಲಯ ಜಾತಿಯ ಅಯ್ಯಂಕಾಳಿ ಒಂದು ಎತ್ತಿನ ಗಾಡಿ ಕೊಂಡು, ತಲೆಗೆ ರುಮಾಲು ಸುತ್ತಿ, ತನ್ನಂಥವರು ಕಾಲಿಡಬಾರದ ಸಾರ್ವಜನಿಕ ರಸ್ತೆಯ ಮೇಲೆ ಗಾಡಿ ಹೊಡೆದ. ರಸ್ತೆಯ ಮೇಲೆ ಗಾಡಿ ಹೊಡೆಯುವುದು ಒಂದು ಬಂಡಾಯ ಆಗಬಹುದಾದ ದೇಶ ಇದು.

ವೈಕಂ ಸತ್ಯಾಗ್ರಹದ ಕತೆ ಪಠ್ಯಪುಸ್ತಕಗಳಲ್ಲಿ ಎರಡು ಸಾಲಿನಲ್ಲಿ ಬರುತ್ತದೆ. ದೇವಸ್ಥಾನ ಪ್ರವೇಶದ ಹೋರಾಟ ಅಂತಲೇ ಬಹಳ ಜನ ಮೇಷ್ಟ್ರುಗಳು ಮಕ್ಕಳಿಗೆ ಹೇಳಿಬಿಡುತ್ತಾರೆ. ಅಲ್ಲ, ಅದು ರಸ್ತೆಯ ಹೋರಾಟ. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ನಡೆಯುವ ಹಕ್ಕಿನ ಹೋರಾಟ. ಸಾರ್ವಜನಿಕ ಹಣದಲ್ಲಿ ನಡೆಯುತ್ತಿದ್ದ ಆ ಬೀದಿಗಳಲ್ಲಿ ಒಬ್ಬ ಕ್ರೈಸ್ತ, ಒಬ್ಬ ಮುಸಲ್ಮಾನ ನಡೆಯಬಹುದಿತ್ತು, ಈಳವ ಮತ್ತು ಪುಲಯ ನಡೆಯುವಂತಿರಲಿಲ್ಲ. 1924ರ ಮಾರ್ಚ್ 30ರಂದು ಮೂರು ಜನ, ಒಬ್ಬ ಪುಲಯ, ಒಬ್ಬ ಈಳವ, ಒಬ್ಬ ನಾಯರ್, ನಿಷೇಧದ ಹಲಗೆ ದಾಟಲು ಹೋಗಿ ಬಂಧನಕ್ಕೊಳಗಾದರು. ಅದಾದ ಮೇಲೆ ಇಪ್ಪತ್ತು ತಿಂಗಳು. ಆ ವರ್ಷದ ಮಹಾಪ್ರವಾಹದಲ್ಲಿ ಸತ್ಯಾಗ್ರಹಿಗಳು ನೀರಿನಲ್ಲಿ ಮುಳುಗಿ ನಿಂತೇ ಹಲಗೆಯ ಮುಂದೆ ಹಠ ಹಿಡಿದರು. ತಮಿಳುನಾಡಿನಿಂದ ಪೆರಿಯಾರ್ ಬಂದು ಎರಡು ಸಲ ಜೈಲಿಗೆ ಹೋದರು. 1925ರ ಫೆಬ್ರವರಿಯಲ್ಲಿ ರಸ್ತೆಗಳನ್ನು ಎಲ್ಲರಿಗೂ ತೆರೆಯಬೇಕೆಂಬ ನಿರ್ಣಯ ತಿರುವಾಂಕೂರಿನ ಶಾಸನ ಸಭೆಯಲ್ಲಿ 22ಕ್ಕೆ 21, ಒಂದೇ ಒಂದು ಮತದಿಂದ ಬಿದ್ದುಹೋಯಿತು.

ಕೊನೆಗೆ ಬಂದ ರಾಜಿ ನಮ್ಮ ವಿಷಯಕ್ಕೆ ಬಹಳ ಮುಖ್ಯ. 1925ರ ನವೆಂಬರ್‌ನಲ್ಲಿ ಮೂರು ಕಡೆಯ ದಾರಿ ತೆರೆದರು, ಪೂರ್ವದ ದಾರಿಯನ್ನು ಸವರ್ಣೀಯರಿಗೇ ಉಳಿಸಿದರು. ಜತೆಗೆ ಸರ್ಕಾರ ದುಡ್ಡು ಖರ್ಚು ಮಾಡಿ ದೇವಸ್ಥಾನದಿಂದ ಸ್ವಲ್ಪ ದೂರಕ್ಕೆ ಬಳಸುದಾರಿ ಹಾಕಿಸಿತು. ಗಮನಿಸಿ. ಇದ್ದ ಬೀದಿಯನ್ನು ಎಲ್ಲರದೂ ಅಂತ ಒಪ್ಪುವುದಕ್ಕಿಂತ ಹೊಸ ರಸ್ತೆ ಕಟ್ಟಿ ಸುತ್ತಿಕೊಂಡು ಹೋಗಿ ಅನ್ನುವುದು ಸರ್ಕಾರಕ್ಕೆ ಸುಲಭವಾಗಿ ಕಂಡಿತು. ಜಲ್ಲಿ, ಮಣ್ಣು, ಕೂಲಿ, ಎಂಜಿನಿಯರು ಎಲ್ಲಾ ಸೇರಿ ಅಸ್ಪೃಶ್ಯತೆಗೆ ಒಂದು ಹೊಸ ರಸ್ತೆ ಕಟ್ಟಿಕೊಟ್ಟರು. ಪಿ.ಡಬ್ಲ್ಯು.ಡಿ.ಯ ಚರಿತ್ರೆ ಬರೆಯುವವರು ಇದನ್ನೂ ಬರೆಯಬೇಕು.

ಈಗ ಬೆಂಗಳೂರಿಗೆ ಬರೋಣ.

ಹಳೆಯ ಪೇಟೆಯ ಬೀದಿಗಳು ಕಸುಬಿನ ಹೆಸರು ಹೊತ್ತಿವೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಒಂದೊಂದು ಕಸುಬಿಗೆ ಒಂದೊಂದು ಬೀದಿ, ಒಂದೊಂದು ಬೀದಿಗೆ ಒಂದೊಂದು ಜಾತಿ ಅಂತ ಇತಿಹಾಸಕಾರರು ಹೆಮ್ಮೆಯಿಂದ ಬರೆಯುತ್ತಾರೆ. ಈ ಹೆಸರುಗಳ ಸಾಲಿನಲ್ಲಿ ಕಸ ಗುಡಿಸುವವರ ಪೇಟೆ, ಹೇಲು ಹೊರುವವರ ಪೇಟೆ ಯಾಕಿಲ್ಲ ಅಂತ ಮಾತ್ರ ಯಾರೂ ಕೇಳಿದಂತಿಲ್ಲ. ಆ ಕಸುಬುಗಳೂ ನಗರದಲ್ಲಿ ಇದ್ದವಲ್ಲ?

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮುಂಬಯಿಗೆ ಅದು 1896ರಲ್ಲೇ ಬಂದಿತ್ತು. ಆ ಬೇನೆಗೆ ಕಾರಣವಾದ ಜೀವಾಣುವನ್ನು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದಿದ್ದರು. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತೆ ಅನ್ನುವ ಮಾತನ್ನು ಒಬ್ಬ ಫ್ರೆಂಚ್ ವೈದ್ಯ 1898ರಲ್ಲೇ ಹೇಳಿದ. ಆದರೆ ಆಡಳಿತಗಾರರ ತಲೆಯಲ್ಲಿ ಕೂತಿದ್ದು ಕೆಟ್ಟ ಗಾಳಿ ಮತ್ತು ಕೊಳಕು ಜನ. ಇಕ್ಕಟ್ಟು ಬೀದಿಯೇ ರೋಗ, ಅಗಲ ಬೀದಿಯೇ ಮದ್ದು. ಮುಂಬಯಿಯಲ್ಲಿ 1898ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕಿಕ್ಕಿರಿದ ಕೇರಿಗಳ ಎದೆ ಸೀಳಿ ಪ್ರಿನ್ಸೆಸ್ ಸ್ಟ್ರೀಟು, ಸ್ಯಾಂಡ್‌ಹರ್ಸ್ಟ್ ರೋಡು ಕಡಿಸಿದರು. ಪ್ಯಾರಿಸ್ ನಗರದಲ್ಲಿ 1853ರಿಂದ ಓಸ್ಮಾನ್ ಮಾಡಿದ್ದೂ ಇದೇ ಕೆಲಸ. ಬಡವರ ಓಣಿ ಒಡೆದು ರಾಜಬೀದಿ ಮಾಡಿದ್ದು, ಬಡವರು ನಗರದ ಅಂಚಿಗೆ ಹೋದದ್ದು. ಮೈಸೂರಿನಲ್ಲಿ 1903ರಲ್ಲಿ ಟ್ರಸ್ಟ್ ಬೋರ್ಡು ಬಂತು. ಬೀದಿ ಸರಿಮಾಡುವ ವಿದ್ಯೆ ನಮ್ಮ ಕಡೆಗೆ ಬಂದದ್ದೇ ಹೀಗೆ, ರೋಗದ ಬೆನ್ನ ಹಿಂದೆ, ಕೆಡವುವ ಹಾರೆ ಹಿಡಿದುಕೊಂಡು.

ಬೆಂಗಳೂರಿನಲ್ಲಿ ಮಲ್ಲೇಶ್ವರ ಮತ್ತು ಬಸವನಗುಡಿಗಳ ಯೋಜನೆ ಪ್ಲೇಗಿಗಿಂತ ಮೊದಲೇ ಇತ್ತು, ಪ್ಲೇಗು ಅದಕ್ಕೆ ಜೀವ ಕೊಟ್ಟಿತು. ಪೇಟೆ ಬಿಟ್ಟು ಓಡಿದ ಅನುಕೂಲವಂತರು ಅಲ್ಲಿ ಮನೆ ಕಟ್ಟಿದರು. ದಂಡಿನ ಕಡೆ ಇದೇ ಕಾರಣಕ್ಕೆ ಫ್ರೇಜರ್ ಟೌನ್ ಎದ್ದಿತು. ಗುಡಿಸಲಿನ ಜನ ಹೊಲಗಳಲ್ಲಿ, ತೋಪುಗಳಲ್ಲಿ ಶೆಡ್ಡು ಹಾಕಿಕೊಂಡರು, ಪ್ಲೇಗಮ್ಮನಿಗೆ ಕಲ್ಲು ನಿಲ್ಲಿಸಿ ಕುಂಕುಮ ಇಟ್ಟರು. ಆ ಪ್ಲೇಗು ಮಾರಮ್ಮನ ಗುಡಿಗಳು ಇವತ್ತಿಗೂ ಅಲ್ಲಲ್ಲಿ ಇವೆ, ಈಗ ಟ್ರಾಫಿಕ್ಕಿಗೆ ಅಡ್ಡ ಅನ್ನಿಸಿಕೊಂಡು ನಿಂತಿವೆ.

ಹೊಸ ಬಡಾವಣೆಯಲ್ಲಿ ಎಲ್ಲಾ ವಿಜ್ಞಾನದ ಪ್ರಕಾರ ಇತ್ತು. ಅಗಲ ಬೀದಿ, ಚೌಕ, ಬಯಲು, ಗಾಳಿ, ಬೆಳಕು. ನಿವೇಶನಗಳನ್ನು ಮಾತ್ರ ಜಾತಿ-ಕೋಮುಗಳ ಪ್ರಕಾರ ಬೇರೆ ಬೇರೆ ಬ್ಲಾಕುಗಳಾಗಿ ಹಂಚುವ ಕ್ರಮ ಇಟ್ಟುಕೊಂಡರು. ಹಳೆ ಅಗ್ರಹಾರ ಚೌಕಾಕಾರದ ಸೈಟಾಗಿ ಮತ್ತೆ ಹುಟ್ಟಿತು. ಇನ್ನು ಹೊಸ ಮನೆಯ ಕಕ್ಕಸಿನ ಪ್ರಶ್ನೆ. ಒಳಚರಂಡಿ ಇಲ್ಲ. ಬಕೆಟ್ಟು ಕಕ್ಕಸು. ಬಕೆಟ್ಟು ತುಂಬಿದ ಮೇಲೆ ಅದನ್ನು ಯಾರೋ ಎತ್ತಬೇಕು. ಎತ್ತುವವನು ಮುಂಬಾಗಿಲಿನಿಂದ ಬರಬಾರದು, ಅಂಗಳ ದಾಟಬಾರದು, ಮುಂಬೀದಿಯಲ್ಲಿ ಹೊತ್ತುಕೊಂಡು ಹೋಗುವುದನ್ನು ಯಾರೂ ನೋಡಬಾರದು. ಹಾಗಾದರೆ ಅವನಿಗೆ ಬೇರೆ ದಾರಿ ಬೇಕಲ್ಲ!

ಅದೇ ಈ ಹಿಂಗಲ್ಲಿ.

ಹಿತ್ತಲ ಗೋಡೆಯ ಬುಡದಲ್ಲಿ ಒಂದು ಸಣ್ಣ ಕಿಂಡಿ, ಅದಕ್ಕೊಂದು ತಗಡಿನ ಮುಚ್ಚಳ. ಬೆಳಗಿನ ಜಾವ, ಮನೆಯೊಳಗೆ ಸುಪ್ರಭಾತ ಏಳುವುದಕ್ಕೆ ಮುಂಚೆ, ಕಿಂಡಿಯ ಮುಚ್ಚಳ ಎತ್ತಿ, ಒಳಗೆ ಕೈ ಹಾಕಿ, ಬಕೆಟ್ಟು ಎಳೆದು, ತಲೆಯ ಮೇಲಿನ ಬುಟ್ಟಿಗೋ ತಳ್ಳುಗಾಡಿಯ ಡಬ್ಬಕ್ಕೋ ಸುರಿದುಕೊಂಡು ಮುಂದಿನ ಕಿಂಡಿಗೆ. ಮಳೆಗಾಲದಲ್ಲಿ ಬುಟ್ಟಿಯಿಂದ ಮುಖಕ್ಕೆ ಸುರಿಯುತ್ತಿತ್ತು. ಮನೆಯವನು ಬಕೆಟ್ಟು ಎತ್ತಿದವನ ಮುಖ ನೋಡುತ್ತಿರಲಿಲ್ಲ, ಎತ್ತಿದವನು ಮನೆಯ ಮುಂಬಾಗಿಲು ನೋಡುತ್ತಿರಲಿಲ್ಲ. ತೋಟಿ, ಜಾಡಮಾಲಿ, ಭಂಗಿ ಅಂತ ನಾಡಿನ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರು. ಬೆಂಗಳೂರಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ತೆಲುಗು ಸೀಮೆಯಿಂದ ಬಂದ ಮಾದಿಗರು ಬಹಳ ಮಂದಿ. ಬರಗಾಲ ಅವರನ್ನು ಊರಿನಿಂದ ಹೊರಗೆ ದಬ್ಬಿತು, ನಗರ ಅವರನ್ನು ಹಿಂಗಲ್ಲಿಗೆ ತಳ್ಳಿತು.

ವೈಕಂನಲ್ಲಿ ಹಲಗೆ ನೆಟ್ಟು ತಡೆಯಬೇಕಾಯಿತು. ಬೆಂಗಳೂರಿನಲ್ಲಿ ಹಲಗೆ ಬೇಕಾಗಲಿಲ್ಲ. ನಗರಯೋಜನೆಯೇ ಆ ಕೆಲಸ ಮಾಡಿತು. ಹಳ್ಳಿಯ ಅಸ್ಪೃಶ್ಯತೆಗೆ ಅಡಿ-ಅಂಗುಲದ ಲೆಕ್ಕದಲ್ಲಿ ಕಟ್ಟಡ ರೂಪ ಕೊಟ್ಟರು, ಅದನ್ನು ಆರೋಗ್ಯ ಅಂತ ಕರೆದರು. ನಗರಕ್ಕೆ ಬಂದರೆ ಜಾತಿ ಕರಗುತ್ತೆ ಅಂತ ನಂಬಿದ ನಮ್ಮ ಹಿರಿಯರಿಗೆ ನಗರ ಹೇಗೆ ತಯಾರಾಗಿ ಕಾದಿತ್ತು ನೋಡಿ.

ಈ ಗಲ್ಲಿಯನ್ನು ಮುಚ್ಚುವ ರಾಜಕೀಯ ಮಾತು ಕರ್ನಾಟಕದಲ್ಲಿ ಬಂದದ್ದು ಬಿ. ಬಸವಲಿಂಗಪ್ಪನವರಿಂದ. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಅವರ ಕೈಲಿತ್ತು. 1970ರ ದಶಕದ ಆರಂಭದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ಅವರು ನಿಷೇಧ ಮಾಡಿಸಿದರು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಅವರು ಹೇಳಿದ ಬೂಸಾ ಎಂಬ ಒಂದು ಮಾತಿಗೆ ನಾಡೆಲ್ಲ ಎದ್ದು ಕುಣಿಯಿತು, ಹಾಸ್ಟೆಲುಗಳಲ್ಲಿ ದಲಿತ ಹುಡುಗರಿಗೆ ಹೊಡೆದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಗಲಾಟೆಯಿಂದಲೇ ನಮ್ಮ ಚಳವಳಿ ಎದ್ದು ನಿಂತಿತು ಅನ್ನುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸರಿಯೇ. ಆದರೆ ಬೂಸಾ ನೆನಪಿಟ್ಟವರು ಬುಟ್ಟಿಯನ್ನು ಮರೆತರು. ಸಾಹಿತ್ಯದ ಬಗ್ಗೆ ಆಡಿದ ಮಾತಿಗೆ ಸಿಕ್ಕ ಪುಟಗಳಲ್ಲಿ ಕಾಲು ಭಾಗವೂ ಆ ಆಜ್ಞೆಗೆ ಸಿಗಲಿಲ್ಲ. ನಾವು ಕಾಗದದ ಜನ ಆಗುತ್ತಾ ಬಂದಿದ್ದಕ್ಕೆ ಇದೂ ಒಂದು ಗುರುತೋ ಏನೋ.

ಆಜ್ಞೆಯಿಂದ ಎಲ್ಲಾ ನಿಲ್ಲಲಿಲ್ಲ. ಕೋಲಾರದ ಚಿನ್ನದ ಗಣಿಯ ಕಾಲೋನಿಗಳಲ್ಲಿ ಒಣ ಕಕ್ಕಸು ಬಳಿಯುವುದು ಅದಾದ ಮೇಲೂ ನಡೆಯಿತು. ಅಂಥ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ದೇಶಕ್ಕೆಲ್ಲ ಅದರ ವಿರುದ್ಧದ ಹೋರಾಟ ಕಟ್ಟಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಬಲವಾದ ಕಾನೂನು 2013ರಲ್ಲಿ. ಅಷ್ಟು ಹೊತ್ತಿಗೆ ಬಕೆಟ್ಟು ಹೋಗಿ ಒಳಚರಂಡಿ ಬಂದಿತ್ತು, ಕಿಂಡಿಯ ಬದಲು ಮ್ಯಾನ್‌ಹೋಲು ಬಂದಿತ್ತು. ಗಲ್ಲಿ ನೆಲದಡಿಗೆ ಇಳಿಯಿತು ಅಷ್ಟೆ. ಒಳಗಿಳಿದು ಸತ್ತವರ ಮನೆಗೆ 10 ಲಕ್ಷ ಪರಿಹಾರ ಕೊಡಬೇಕೆಂದು 2014ರಲ್ಲಿ, ಅದನ್ನು 30 ಲಕ್ಷ ಮಾಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಸಾವು ನಿಲ್ಲದ್ದರಿಂದಲೇ ಬೆಲೆ ಏರಿಸಬೇಕಾಯಿತು.

ಬಕೆಟ್ಟು ಹೋದ ಮೇಲೆ ಹಿಂಗಲ್ಲಿಗಳು ಅನಾಥವಾದವು. ಕೆಲವನ್ನು ಅಕ್ಕಪಕ್ಕದವರು ನುಂಗಿದರು. ಕೆಲವು ಕಸದ ಗುಂಡಿಯಾದವು, ಸ್ಕೂಟರು ನಿಲ್ಲುವ ಜಾಗವಾದವು, ಟೀ ಅಂಗಡಿಯಾದವು. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕೆಲವು ಗಲ್ಲಿಗಳನ್ನು ಗುಡಿಸಿ, ಗೋಡೆಗೆ ಚಿತ್ರ ಬರೆದು, ನಡೆದಾಡುವ ಓಣಿಗಳಾಗಿ ಮಾಡುವ ಕೆಲಸ ನಡೆದಿದೆ. ಪಾರಂಪರಿಕ ಬಡಾವಣೆಯ ಅಂದ ಅಂತ ಹೊಗಳುತ್ತಾರೆ. ಬಣ್ಣ ಬಳಿಯುವುದಕ್ಕೆ ನಮ್ಮ ತಕರಾರಿಲ್ಲ. ಮಕ್ಕಳು, ಮುದುಕರು ಗಾಡಿಯ ಭಯವಿಲ್ಲದೆ ನಡೆಯುವ ಹಾದಿ ಆದರೆ ಆಗಲಿ. ಆದರೆ ಪರಂಪರೆ ಅಂತ ಕರೆಯುವಾಗ ಯಾರ ಪರಂಪರೆ? ಆ ಓಣಿಯಲ್ಲಿ ನೂರು ವರ್ಷ ಮೊದಲು ನಡೆದವರು ಯಾರು ಅಂತ ಗೋಡೆಯ ಮೇಲೆ ಎಲ್ಲಾದರೂ ಒಂದು ಸಾಲು ಬರೆಯಬೇಕಲ್ಲವೇ? ನವಿಲು ಬರೆಯುತ್ತಾರೆ, ಮಲ್ಲಿಗೆ ಬರೆಯುತ್ತಾರೆ. ಬುಟ್ಟಿ ಬರೆಯಲು ಬಣ್ಣ ಸಾಲುವುದಿಲ್ಲ.

ಮುಂಬೀದಿಗಳ ಕಡೆ ಆದದ್ದೂ ಹೇಳಬೇಕು. ಬೆಂಗಳೂರಿನ ನಡುಭಾಗದಲ್ಲಿ 2013ರ ಸುಮಾರಿಗೆ ಟೆಂಡರ್‌ಶ್ಯೂರ್ ಎಂಬ ಹೆಸರಿನ ರಸ್ತೆಗಳು ಶುರುವಾದವು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮುಂತಾದವು. ಎಲ್ಲಾ ಪೈಪು, ಕೇಬಲ್ಲುಗಳನ್ನು ಫುಟ್‌ಪಾತಿನ ಕೆಳಗೆ ಕೊಳವೆಯಲ್ಲಿ ಹಾಕುವುದು, ಮೇಲೆ ಅಗಲವಾದ ಕಲ್ಲಿನ ಹಾಸು, ವಾಹನದ ದಾರಿ ಒಂದೇ ಅಗಲ. ಪದೇ ಪದೇ ಅಗೆಯುವ ಹಾಳು ರೋಗಕ್ಕೆ ಇದು ಮದ್ದು ಅಂದರು. ಅದರಲ್ಲಿ ಸತ್ಯ ಇದೆ. ಆಮೇಲೆ ಚರ್ಚ್ ಸ್ಟ್ರೀಟನ್ನು ಅಗೆದು ಕಲ್ಲು ಹಾಸಿ 2018ರ ಮಾರ್ಚ್‌ನಲ್ಲಿ ತೆರೆದರು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರದ ಕೊನೆಯಲ್ಲಿ ಅಲ್ಲಿ ವಾಹನ ನಿಲ್ಲಿಸಿ ಜನರನ್ನು ನಡೆಯಲು ಬಿಟ್ಟರು. ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ಚಾಂದನಿ ಚೌಕವನ್ನು 2021ರಲ್ಲಿ ಕೆಂಪು ಕಲ್ಲಿನಿಂದ ಹೊಸದು ಮಾಡಿ, ಹಗಲಿಗೆ ಮೋಟಾರು ನಿಷೇಧಿಸಿದರು.

ನಡೆಯುವವರ ಪರ ಮಾತಾಡುವುದು ನಮ್ಮ ಪರ ಮಾತಾಡುವುದೇ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 32 ಸಾವಿರಕ್ಕೂ ಹೆಚ್ಚು ಪಾದಚಾರಿಗಳು ಸತ್ತರು, ರಸ್ತೆಯಲ್ಲಿ ಸತ್ತ ಐವರಲ್ಲಿ ಒಬ್ಬರು. ಕಾರಿದ್ದವನು ನಡೆದು ಸಾಯುವುದಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಪೊರಕೆ ಹಿಡಿದು ಹೋಗುವವಳು, ಕಟ್ಟಡದ ಕೆಲಸ ಮುಗಿಸಿ ಶೆಡ್ಡಿಗೆ ಹೋಗುವವನು, ಬಸ್ ಪಾಸಿಗೆ ಕಾಸಿಲ್ಲದೆ ಹಾಸ್ಟೆಲಿನಿಂದ ಕಾಲೇಜಿಗೆ ಹೋಗುವ ಹುಡುಗ, ಇವರು ನಡೆಯುವವರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ನಿಯಮದಲ್ಲಿ ಫುಟ್‌ಪಾತಿನ ಮೇಲೆ ಅಡ್ಡಿ ಇಲ್ಲದ ನಡೆದಾರಿ ಕನಿಷ್ಠ 1.8 ಮೀಟರ್ ಇರಬೇಕು ಅಂತಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತ್ ಅನ್ನುವುದು ಜೀವಿಸುವ ಹಕ್ಕಿನ ಭಾಗ ಎಂದೇ ಹೇಳಿತು. ಸ್ಲಮ್ಮಿನ ಬಾಗಿಲಲ್ಲಿ, ಕಾಲೋನಿಯ ದಾರಿಯಲ್ಲಿ ಆ 1.8 ಮೀಟರು ಎಲ್ಲಿದೆ? ಬೆಂಗಳೂರಲ್ಲಿ ಮೊದಲು ಕಲ್ಲು ಹಾಸಿದ್ದು ದೊಡ್ಡ ಅಂಗಡಿ, ಕ್ಲಬ್ಬು, ಹೋಟೆಲ್ಲುಗಳ ಬೀದಿಗೆ. ನಡೆಯುವುದು ಹೊಟ್ಟೆಪಾಡಾದವರ ಬೀದಿಗಲ್ಲ, ನಡೆಯುವುದು ಮನರಂಜನೆಯಾದವರ ಬೀದಿಗೆ.

ಅಡ್ಡಿ ಇಲ್ಲದ ದಾರಿ ಅಂದೆವಲ್ಲ, ಈ ಅಡ್ಡಿ ಎನ್ನುವ ಮಾತಿನಲ್ಲೇ ಮೋಸ ಇದೆ. ಫುಟ್‌ಪಾತಿನ ಮೇಲೆ ನಿಂತ ಟ್ರಾನ್ಸ್‌ಫಾರ್ಮರು ಅಡ್ಡಿ, ಬೈಕು ಅಡ್ಡಿ, ಶ್ರೀಮಂತರ ಮನೆಯ ಮುಂದಿನ ಬೇಲಿ ಅಡ್ಡಿ. ಆದರೆ ತೆರವು ಅಂತ ಲಾರಿ ಬಂದರೆ ಮೊದಲು ಏರುವುದು ಸೊಪ್ಪಿನ ಬುಟ್ಟಿ, ಹೂವಿನ ಮೊರ, ಚಪ್ಪಲಿ ಹೊಲಿಯುವವನ ಪೆಟ್ಟಿಗೆ. ಚಪ್ಪಲಿ ಹೊಲಿಯುವವನು ಯಾವ ಜಾತಿ ಅಂತ ಲಾರಿಯವನು ಕೇಳಬೇಕಾಗಿಲ್ಲ. ಚಾಂದನಿ ಚೌಕದಲ್ಲಿ ಮೋಟಾರಿನ ಜತೆಗೆ ಬೀದಿ ವ್ಯಾಪಾರವೂ ನಿಷಿದ್ಧ. ಅಂಗಡಿಯವರಿಗೆ ಅಡ್ಡಿಯಿಲ್ಲ, ಅಂಗಡಿ ಇಲ್ಲದವರಿಗೆ ಬೀದಿಯಿಲ್ಲ.

ಕಾನೂನು ಹೀಗಿಲ್ಲ. 1989ರಲ್ಲೇ, ಸೋದನ್ ಸಿಂಗ್ ಮೊಕದ್ದಮೆಯಲ್ಲಿ, ಪಾದಚಾರಿಗೆ ಅಡಚಣೆಯಾಗದಂತೆ ಬೀದಿಯಲ್ಲಿ ವ್ಯಾಪಾರ ಮಾಡುವುದು ನಾಗರಿಕನ ಹಕ್ಕು, ಅದನ್ನು ನಿಯಂತ್ರಿಸಬಹುದು, ಇಲ್ಲವೇ ಇಲ್ಲ ಅನ್ನಲಾಗದು ಅಂತ ಸುಪ್ರೀಂ ಕೋರ್ಟು ಹೇಳಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇನ್ನೂ ಸ್ಪಷ್ಟವಾಗಿದೆ. ಮೊದಲು ಸಮೀಕ್ಷೆ, ಆಮೇಲೆ ಪ್ರಮಾಣಪತ್ರ. ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು, ಪರಿಶಿಷ್ಟರಿಗೆ ತಕ್ಕ ಪ್ರಾತಿನಿಧ್ಯ. ಒಂದು ವಾರ್ಡಿನ ಜನಸಂಖ್ಯೆಯ ನೂರಕ್ಕೆ ಎರಡೂವರೆಯಷ್ಟು ವ್ಯಾಪಾರಿಗಳವರೆಗೆ ಜಾಗ ಒದಗಿಸಬೇಕು. ಈ ಕಾಯಿದೆ ಕೈಲಿಟ್ಟುಕೊಂಡು ಬೀದಿ ಗೆರೆ ಹಾಕಿದರೆ ನಕ್ಷೆಯೇ ಬೇರೆಯಾಗುತ್ತದೆ. ಮರ, ಬೆಂಚು, ದೀಪದ ಕಂಬಗಳಿಗೆ ಜಾಗ ಬಿಡುವ ಹಾಗೆ ಸೊಪ್ಪಿನವಳಿಗೂ ಮೊದಲೇ ಜಾಗ ಬಿಡಬೇಕಾಗುತ್ತದೆ.

ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಇದು ಪರೀಕ್ಷೆಗೆ ಬಂತು. 2022ರ ಕೊನೆಗೆ ಅಲ್ಲಿ ರಸ್ತೆ ಅಗೆದರು. ಪಾದಚಾರಿಗಳಿಗೆ ಅಗಲ ದಾರಿ, ವ್ಯಾಪಾರಿಗಳಿಗೂ ಗೊತ್ತಾದ ಜಾಗ ಅನ್ನುವುದು ಯೋಜನೆ. ಯೋಜನೆಯಲ್ಲಿ ಬೀದಿ ವ್ಯಾಪಾರಿಯನ್ನು ಸೇರಿಸಿದ್ದು ಮೆಚ್ಚಬೇಕಾದ ಸಂಗತಿಯೇ, ಅದು ತಾನಾಗಿ ಬಂದದ್ದಲ್ಲ, ವ್ಯಾಪಾರಿಗಳು ಸಂಘ ಕಟ್ಟಿ ಕೇಳುತ್ತಾ ಬಂದದ್ದರ ಫಲ. ಕಾರು ನಿಲ್ಲಿಸುವ ಜಾಗ ಹೋಗುತ್ತೆ ಅಂತ ಅಂಗಡಿ ಮಾಲೀಕರು ವಿರೋಧಿಸಿದರು. ಆದರೆ ಅಗೆದ ಬೀದಿ ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದಾಗ ಹೂವು, ಹಣ್ಣು, ಬಾಳೆಎಲೆ ಮಾರುವವರ ಹೊಟ್ಟೆ ಹೇಗೆ ತುಂಬಿತು? ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಕಲ್ಲಿಗೆ, ಸಿಮೆಂಟಿಗೆ, ಕೂಲಿಗೆ ಕಾಲಂ ಇರುತ್ತದೆ. ಎದ್ದುಹೋದವಳ ದಿನದ ದುಡಿಮೆಗೂ ಒಂದು ಕಾಲಂ ಇದ್ದರೆ ಕಂತ್ರಾಟುದಾರನ ಕೈ ಚುರುಕಾಗುತ್ತಿತ್ತೋ ಏನೋ.

ಇದೆಲ್ಲ ದೊಡ್ಡ ನಗರದ ಸಮಾಚಾರ ಅಂತ ತಾಲ್ಲೂಕು ಕೇಂದ್ರದ ಗೆಳೆಯರು ಸುಮ್ಮನಿರಬಾರದು. ಹಾವೇರಿ ಜಿಲ್ಲೆಯ ಸವಣೂರನ್ನು ನೆನಪಿಸಿಕೊಳ್ಳಿ. ಊರಿನ ಮಲ ಹೊತ್ತು ತಲೆಮಾರು ಕಳೆದ ಕೆಲವೇ ಭಂಗಿ ಕುಟುಂಬಗಳು ಪಟ್ಟಣದ ಒಳಗೆ ವಾಸವಾಗಿದ್ದವು. ಜಾಗಕ್ಕೆ ಬೆಲೆ ಬಂತು. ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕೆಂದು ಪುರಸಭೆ ಅವರನ್ನು ಎಬ್ಬಿಸಲು ಹೊರಟಿತು. ಅರ್ಜಿ ಕೊಟ್ಟರು, ಅಲೆದರು, ಯಾರೂ ಕೇಳಲಿಲ್ಲ. 2010ರ ಜುಲೈನಲ್ಲಿ ಅವರು ಪುರಸಭೆಯ ಕಚೇರಿ ಮುಂದೆ, ಹಗಲಲ್ಲಿ, ಎಲ್ಲರೂ ನೋಡುವ ಬೀದಿಯಲ್ಲಿ, ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಯಾವುದನ್ನು ಬೆಳಗಿನ ಜಾವ ಹಿಂಗಲ್ಲಿಯಲ್ಲಿ ಕಾಣದ ಹಾಗೆ ಸಾಗಿಸಬೇಕು ಅಂತ ನಗರ ನೂರು ವರ್ಷ ನಿಯಮ ಮಾಡಿತ್ತೋ ಅದನ್ನು ಅವರು ಮುಂಬೀದಿಗೆ ತಂದು ತೋರಿಸಿದರು. ಮೂಗು ಮುಚ್ಚಿಕೊಂಡು ಸರ್ಕಾರ ಎದ್ದಿತು. ಮಂತ್ರಿಗಳು ಬಂದರು, ಮನೆ, ನೌಕರಿಯ ಭರವಸೆಗಳು ಬಂದವು. ಪಟ್ಟಣದ ಅಭಿವೃದ್ಧಿ, ಬೀದಿಯ ಸುಧಾರಣೆ ಎಂಬ ಮಾತು ಕೇಳಿದಾಗಲೆಲ್ಲ ಸವಣೂರು ನಮ್ಮ ಕಣ್ಣ ಮುಂದೆ ಬರುತ್ತದೆ.

ಹೊಸ ಬೀದಿಯನ್ನು ಗುಡಿಸುವವರ ಮಾತು ಉಳಿದಿದೆ. ಕಲ್ಲು ಹಾಸಿದ ಬೀದಿ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಪೊರಕೆ ಹಿಡಿದವಳಿಗೆ ಕಲ್ಲು-ಕಲ್ಲಿನ ಸಂದಿಯೂ ಒಂದೊಂದು ಕೆಲಸ. ಬೀದಿ ಅಗಲವಾದಷ್ಟೂ ಅವಳ ಬೆನ್ನು ಬಗ್ಗುತ್ತದೆ. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರು ಬೇಕೆಂದು ಐ.ಪಿ.ಡಿ. ಸಾಲಪ್ಪನವರ ವರದಿ ಎಷ್ಟೋ ಕಾಲದ ಹಿಂದೆ ಹೇಳಿತ್ತು. ಅದರ ಬದಲು ಕಂತ್ರಾಟು ಬಂತು, ಕಂತ್ರಾಟುದಾರ ಸಂಬಳದಲ್ಲಿ ಬಾಯಿ ಹಾಕಿದ. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ನಾಲ್ಕು ದಿನಕ್ಕೆ ನಗರ ನಾರಿತು, ಸರ್ಕಾರ ಮಾತಿಗೆ ಕೂತಿತು. 2025ರ ಮೇ ದಿನದಂದು ಬೆಂಗಳೂರಿನ ಸುಮಾರು ಹನ್ನೆರಡೂವರೆ ಸಾವಿರ ಮಂದಿಗೆ ಕಾಯಂ ಪತ್ರ ಕೊಟ್ಟರು. ಇಷ್ಟಾದರೂ ಬೀದಿಯ ನಕ್ಷೆಯಲ್ಲಿ ಅವರು ಎಲ್ಲಿದ್ದಾರೆ? ಕೂತು ತಿಂಡಿ ತಿನ್ನಲು ಒಂದು ನೆರಳು, ಕುಡಿಯಲು ಒಂದು ನಲ್ಲಿ, ಹೆಂಗಸರಿಗೆ ಒಂದು ಕಕ್ಕಸು, ಪೊರಕೆ ಬಟ್ಟೆ ಇಡಲು ಒಂದು ಬೀಗದ ಪೆಟ್ಟಿಗೆ. ನೂರು ಅಡಿಗೊಂದು ಬೆಂಚು ಬರೆಯುವ ವಾಸ್ತುಶಿಲ್ಪಿಗೆ ಇದನ್ನು ಬರೆಯಲು ಪೆನ್ಸಿಲು ಸವೆಯುತ್ತದೆಯೇ? ಊರಿನ ಕಕ್ಕಸು ನೂರು ವರ್ಷ ತೊಳೆದವರಿಗೆ ಊರಿನಲ್ಲಿ ಕಕ್ಕಸು ಇಲ್ಲ.

ಸಂವಿಧಾನದ 15ನೇ ಅನುಚ್ಛೇದದ ಎರಡನೇ ಭಾಗವನ್ನು ನಾವು ಹೆಚ್ಚಾಗಿ ಬಾವಿ, ಕೆರೆ, ಹೋಟೆಲ್ಲಿಗೆ ಉದಾಹರಿಸುತ್ತೇವೆ. ಅದೇ ಸಾಲಿನಲ್ಲಿ ರಸ್ತೆಗಳು ಅನ್ನುವ ಪದವೂ ಇದೆ. ಬಾಬಾಸಾಹೇಬರು ಮಹಾಡಿನ ಕೆರೆಗೆ ಜನರನ್ನು ನಡೆಸಿಕೊಂಡು ಹೋದದ್ದು 1927ರಲ್ಲಿ. ಆ ಪದದ ಬೆಲೆ ಅವರಿಗೆ ಗೊತ್ತಿತ್ತು. ಇವತ್ತು ಬೀದಿಯಿಂದ ಹೊರಗಿಡುವುದಕ್ಕೆ ಯಾರೂ ಜಾತಿ ಹೆಸರು ಹೇಳುವುದಿಲ್ಲ, ಅಡ್ಡಿ ಅನ್ನುತ್ತಾರೆ, ಅನಧಿಕೃತ ಅನ್ನುತ್ತಾರೆ, ಸ್ಮಾರ್ಟ್ ಅನ್ನುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಹೋಗಿ ಐದು ನಗರಪಾಲಿಕೆಗಳು ಬಂದವು. ರಸ್ತೆಗಳ ಹೊಸ ನಕ್ಷೆಗಳು ಬರುತ್ತಲೇ ಇರುತ್ತವೆ, ನಿಮ್ಮ ಪಟ್ಟಣದಲ್ಲೂ ಬರುತ್ತವೆ. ಕಾಲೇಜಿನ ಗೆಳೆಯರು ಒಂದು ಟೇಪು ಹಿಡಿದು ಬಸ್ ಸ್ಟ್ಯಾಂಡಿನಿಂದ ಕಾಲೋನಿಯವರೆಗೆ ಫುಟ್‌ಪಾತು ಎಷ್ಟಗಲ ಇದೆ ಅಳೆಯಲಿ. ಮೇಷ್ಟ್ರುಗಳು ಪುರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ. ಕಾಮಗಾರಿಯ ವಿವರ ಯೋಜನೆಯ ಪ್ರತಿ, ಬೀದಿ ವ್ಯಾಪಾರಿಗಳ ಸಮೀಕ್ಷೆಯ ಪಟ್ಟಿ, ವ್ಯಾಪಾರ ಸಮಿತಿಯಲ್ಲಿ ಪರಿಶಿಷ್ಟರು ಎಷ್ಟು ಜನ, ಕೊನೆಯ ಸಭೆ ಯಾವಾಗ ನಡೆಯಿತು, ಇಷ್ಟನ್ನು ಬರವಣಿಗೆಯಲ್ಲಿ ಕೇಳಲಿ. ಜತೆಗೆ ನಿಮ್ಮ ಪಟ್ಟಣದ ಹಳೆ ಬೀದಿಗಳಲ್ಲಿ ಹಿಂಗಲ್ಲಿಗಳು ಎಲ್ಲೆಲ್ಲಿದ್ದವು, ಅಲ್ಲಿ ಯಾರು ನಡೆದರು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಹಿರಿಯರನ್ನು ಕೇಳಿ ಬರೆದು ಕಳಿಸಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ.